ಮುದ್ರಿತ ಲೋಹಭಾಗಗಳ ದಣಿವು ಮತ್ತು ಮೇಲ್ಮೈ ಸಂಸ್ಕರಣೆ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಭಾಗದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ ಆಮದು ಯಂತ್ರದ ಅಲ್ಯುಮಿನಿಯಂ ಲಿವರ್ ಒಂದು ಮುರಿದಿತ್ತು. ಮೂಲ ತಯಾರಕರಿಂದ ಬಿಡಿಭಾಗ ಬರಲು ತಿಂಗಳುಗಟ್ಟಲೆ ಕಾಯಬೇಕಾಗಿದ್ದುದರಿಂದ, ಮುರಿದ ತುಂಡಿನ ಅಳತೆ ತೆಗೆದು ಬೆಂಗಳೂರಿನಲ್ಲಿ ಲೋಹದ ಪುಡಿಯಿಂದ ತ್ರಿ-ಡಿ ಮುದ್ರಣದ ಮೂಲಕ ಮಾಡಿಸಬಹುದೆಂದು ಸಲಹೆ ಕೊಟ್ಟವನು ಈ ಲೇಖಕನೇ. ಭಾಗ ಬಂದಿತು. ಅಳತೆ ಸರಿಯಾಗಿತ್ತು. ಜೊತೆಯಲ್ಲಿದ್ದ ಪರೀಕ್ಷಾ ಪ್ರಮಾಣಪತ್ರದಲ್ಲಿ ಎಳೆತಬಲವು ಎರಕದ ಅಲ್ಯುಮಿನಿಯಂಗಿಂತ ಹೆಚ್ಚೇ ಇತ್ತು. ನೋಟಕ್ಕೆ ಸ್ವಲ್ಪ ಒರಟಾಗಿದೆಯೆಂದು ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ ಯಂತ್ರಕ್ಕೆ ಜೋಡಿಸಲಾಯಿತು. ಹದಿನೆಂಟನೆಯ ದಿನ ಅದು ಮುರಿಯಿತು.

ಆ ಲಿವರ್ ನಿಮಿಷಕ್ಕೆ ಸುಮಾರು 120 ಬಾರಿ ಆಡುತ್ತಿತ್ತು. ದಿನಕ್ಕೆ ಹತ್ತು ಗಂಟೆಯ ಕೆಲಸವೆಂದರೆ 72,000 ಬಾರಿ. ಹದಿನೆಂಟು ದಿನಗಳಲ್ಲಿ ಹೆಚ್ಚುಕಡಿಮೆ 13 ಲಕ್ಷ ಬಾರಿ. ಅದರ ಮೇಲೆ ಬೀಳುತ್ತಿದ್ದ ಭಾರವು ಪ್ರಮಾಣಪತ್ರದಲ್ಲಿದ್ದ ಬಲದ ಒಂದು ಸಣ್ಣ ಅಂಶ ಮಾತ್ರ. ಪ್ರಮಾಣಪತ್ರ ಸುಳ್ಳಾಗಿರಲಿಲ್ಲ. ನಾವು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆಯಾಗಿತ್ತು. ಒಮ್ಮೆ ಎಳೆದಾಗ ಎಷ್ಟು ಭಾರಕ್ಕೆ ತುಂಡಾಗುತ್ತದೆ ಎಂಬುದನ್ನು ಕೇಳಿದೆವು. ಸಣ್ಣ ಭಾರವನ್ನು ಲಕ್ಷಾಂತರ ಬಾರಿ ಹೇರಿ ಇಳಿಸಿದರೆ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಕೇಳಲಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಬಹುಮಟ್ಟಿಗೆ ಭಾಗದ ಮೇಲ್ಮೈಯಲ್ಲಿ.

ಬಿಡದಿಯ ವಾಹನ ಕಾರ್ಖಾನೆಗಳಿಗೆ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಘಟಕಗಳಿಗೆ ಹಾಗೂ ಬೆಂಗಳೂರಿನ ವೈಮಾನಿಕ ಉದ್ಯಮಗಳಿಗೆ ಜಾಬ್ ವರ್ಕ್ ಮಾಡಿಕೊಡುವ ನಮ್ಮ ಸದಸ್ಯರಲ್ಲಿ ಅನೇಕರ ಬಾಗಿಲಿಗೆ ಮುದ್ರಿತ ಭಾಗಗಳು ಇಂದಲ್ಲ ನಾಳೆ ಬರಲಿವೆ. ಮುದ್ರಣ ಯಂತ್ರವನ್ನು ಕೊಳ್ಳುವುದು ಕೋಟಿ ರೂಪಾಯಿಗಳ ಮಾತು. ಆದರೆ ಮುದ್ರಣದ ನಂತರದ ಕೆಲಸಕ್ಕೆ ಬೇಕಾದ ಸಲಕರಣೆಗಳ ಪೈಕಿ ಅರ್ಧದಷ್ಟು ನಮ್ಮ ಷೆಡ್ಡುಗಳಲ್ಲಿ ಈಗಾಗಲೇ ಇವೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯವೆನಿಸುತ್ತದೆ.

ದಣಿವು ಎಂದರೇನು?

ತಂತಿಯೊಂದನ್ನು ಕೈಯಿಂದ ಎಳೆದು ತುಂಡುಮಾಡಲಾಗದವನು ಅದನ್ನೇ ಹತ್ತು ಬಾರಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುತ್ತಾನೆ. ಲೋಹದ ದಣಿವು ಅಥವಾ ಫಟೀಗ್ ಎಂಬುದು ಇದೇ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗುವಿಕೆಯಲ್ಲಿ ಮತ್ತು ಬಹಳ ಹೆಚ್ಚು ಬಾರಿ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ರೈಲು ಗಾಲಿಗಳ ಅಚ್ಚುಗಳು ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತಿದ್ದಾಗ, ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಪರೀಕ್ಷೆ ನಡೆಸಿ, ಪೀಡನ (ಸ್ಟ್ರೆಸ್) ಎಷ್ಟಿದ್ದರೆ ಎಷ್ಟು ಆವರ್ತಗಳ ನಂತರ ಲೋಹ ಮುರಿಯುತ್ತದೆ ಎಂಬ ಸಂಬಂಧವನ್ನು ತೋರಿಸಿಕೊಟ್ಟನು. ಇಂದಿಗೂ ಎಲ್ಲ ವಿನ್ಯಾಸಗಾರರು ಬಳಸುವುದು ಆ ಬಗೆಯ ರೇಖೆಯನ್ನೇ. ಅದರಲ್ಲಿ ವ್ಯವಹಾರಸ್ಥರು ಗಮನಿಸಬೇಕಾದ ಅಂಶವೊಂದಿದೆ. ಪೀಡನ ಅರ್ಧಕ್ಕೆ ಇಳಿದರೆ ಬಾಳಿಕೆ ಎರಡು ಪಟ್ಟಾಗುವುದಿಲ್ಲ. ಹತ್ತಾರು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು ಏರುತ್ತದೆ. ಇದರ ತಿರುವು ಕೂಡ ಅಷ್ಟೇ ನಿಜ. ಒಂದು ಸಣ್ಣ ಗೀರಿನ ಬುಡದಲ್ಲಿ ಪೀಡನ ಇಮ್ಮಡಿಯಾದರೆ ವರ್ಷಗಟ್ಟಲೆ ಬಾಳಬೇಕಾದ ಭಾಗ ವಾರಗಳಲ್ಲಿ ಮುರಿಯುತ್ತದೆ.

ಕೋಟಿ ಆವರ್ತ ಎಂದರೆ ದೊಡ್ಡ ಸಂಖ್ಯೆಯೆಂದು ತೋರಬಹುದು. ನಿಮಿಷಕ್ಕೆ 1,500 ಸುತ್ತು ತಿರುಗುವ ಮೋಟಾರಿನ ಶಾಫ್ಟ್ ದಿನಕ್ಕೆ ಎಂಟು ಗಂಟೆ ಓಡಿದರೆ 7,20,000 ಸುತ್ತಾಗುತ್ತದೆ. ಕೋಟಿ ತಲುಪಲು ಅದಕ್ಕೆ ಹದಿನಾಲ್ಕು ದಿನ ಸಾಕು.

ಬಾಗುವ ಅಥವಾ ತಿರುಚುವ ಭಾರ ಬಿದ್ದಾಗ ಪೀಡನ ಅತ್ಯಂತ ಹೆಚ್ಚಾಗಿರುವುದು ಹೊರಮೈಯಲ್ಲಿ. ಬಿರುಕು ಹುಟ್ಟುವುದೂ ಅಲ್ಲಿಯೇ. ಚನ್ನಪಟ್ಟಣದ ಮಟ್ಟಿಗೆ ಇದು ಹೊಸ ತಿಳಿವಳಿಕೆಯೇನಲ್ಲ. 1800ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಇಲ್ಲಿ ತಯಾರಾಗುತ್ತಿದ್ದ ವಾದ್ಯಗಳ ಉಕ್ಕಿನ ತಂತಿಗೆ ಭಾರತದ ದೂರದೂರದ ಪ್ರಾಂತ್ಯಗಳಲ್ಲೂ ಹೆಸರಿತ್ತೆಂದು ಬರೆದಿದ್ದಾನೆ. ಬಿಗಿದು ಕಟ್ಟಿ ದಿನವೂ ಮೀಟುವ ತಂತಿಯ ಮೈಯಲ್ಲಿ ಗೀರಿದ್ದರೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಅಂಥ ಹೆಸರು ಗಳಿಸಿದ ಕುಶಲಕರ್ಮಿಗಳಿಗೆ ಮೈ ನಯವಾಗಿರಬೇಕಾದ ಕಾರಣ ಗೊತ್ತಿಲ್ಲದಿರಲಿಲ್ಲ.

ಮುದ್ರಿತ ಲೋಹದ ಮೇಲ್ಮೈ ಏಕೆ ಭಿನ್ನ?

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನದಲ್ಲಿ 15ರಿಂದ 45 ಮೈಕ್ರಾನ್ ಗಾತ್ರದ ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದೆಡೆ ಮಾತ್ರ ಲೇಸರ್ ಕಿರಣದಿಂದ ಕರಗಿಸಿ, ಸಾಮಾನ್ಯವಾಗಿ 30ರಿಂದ 60 ಮೈಕ್ರಾನ್ ದಪ್ಪದ ಪದರದ ಮೇಲೆ ಪದರವನ್ನು ಕಟ್ಟುತ್ತಾ ಹೋಗಲಾಗುತ್ತದೆ. ಇದರ ಪ್ರಯೋಜನ ಎಷ್ಟೆಂಬುದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಪಿಎಸ್-4 ಎಂಜಿನ್ನನ್ನು ಇಸ್ರೊ ಈ ವಿಧಾನಕ್ಕೆ ಹೊಂದುವಂತೆ ಪುನರ್ವಿನ್ಯಾಸಗೊಳಿಸಿತು. ಅದನ್ನು ಮುದ್ರಿಸಿದುದು ಬೆಂಗಳೂರಿನ ವಿಪ್ರೊ ತ್ರಿ-ಡಿ. ಹಿಂದೆ ಹದಿನಾಲ್ಕು ಭಾಗಗಳಾಗಿದ್ದುದು ಒಂದೇ ಭಾಗವಾಯಿತು, ಹತ್ತೊಂಬತ್ತು ವೆಲ್ಡಿಂಗ್ ಕೀಲುಗಳು ಇಲ್ಲವಾದವು. 565 ಕಿಲೋ ಕಚ್ಚಾ ಲೋಹ ಬೇಕಾಗುತ್ತಿದ್ದೆಡೆ 13.7 ಕಿಲೋ ಪುಡಿ ಸಾಕಾಯಿತು, ತಯಾರಿಕೆಯ ಅವಧಿ ಶೇಕಡ 60ರಷ್ಟು ತಗ್ಗಿತು. 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಅದನ್ನು 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಲಾಯಿತು.

ಆದರೆ ಯಂತ್ರದಿಂದ ಹೊರಬಂದ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೈ ಮರಳು ಕಾಗದದಂತಿರುತ್ತದೆ. ಅರೆಕರಗಿದ ಪುಡಿಯ ಕಣಗಳು ಅಂಟಿಕೊಂಡಿರುತ್ತವೆ. ಓರೆಯಾದ ಮೈಯಲ್ಲಿ ಪದರಗಳು ಮೆಟ್ಟಿಲುಗಳಂತೆ ಕಾಣುತ್ತವೆ. ಆಸರೆಯಿಲ್ಲದೆ ಚಾಚಿಕೊಂಡ ಭಾಗದ ಕೆಳಮೈ ಎಲ್ಲಕ್ಕಿಂತ ಒರಟು. ಒರಟುತನದ ಸರಾಸರಿಯಾದ ಆರ್‌ಎ ಅಂಕಿ ಸಾಮಾನ್ಯವಾಗಿ 5ರಿಂದ 20 ಮೈಕ್ರಾನ್ ಇರುತ್ತದೆ. ಒಳ್ಳೆಯ ಲೇಥಿನಲ್ಲಿ ತಿರುವಿದ ಮೈಯಲ್ಲಿ ಇದು ಒಂದರ ಆಸುಪಾಸು. ಇದಲ್ಲದೆ ಹೊರ ಅಂಚಿನಿಂದ ಮಿಲಿಮೀಟರಿನ ಒಂದೆರಡು ದಶಾಂಶದ ಆಳದಲ್ಲಿ, ಅಂಚಿನ ಗೆರೆಯೂ ಒಳಭಾಗದ ಗೆರೆಗಳೂ ಕೂಡುವ ಕಡೆ, ಸೂಕ್ಷ್ಮ ರಂಧ್ರಗಳು ಉಳಿಯುವ ಸಂಭವ ಹೆಚ್ಚು. ಮೂರನೆಯದಾಗಿ, ಕ್ಷಣಮಾತ್ರದಲ್ಲಿ ಕರಗಿ ಹೆಪ್ಪುಗಟ್ಟುವ ಕಾರಣ ಹೊರಮೈಯಲ್ಲಿ ಎಳೆತದ ಪೀಡನ ಉಳಿದುಕೊಂಡಿರುತ್ತದೆ. ಭಾರ ಬೀಳುವ ಮೊದಲೇ ಲೋಹವು ಬಿರಿಯಲು ಸಿದ್ಧವಾಗಿರುತ್ತದೆ ಎಂದರೂ ಸಲ್ಲುತ್ತದೆ.

ವಿಮಾನಗಳಲ್ಲೂ ಮೂಳೆಯ ಕಸಿಗಳಲ್ಲೂ ಬಳಕೆಯಾಗುವ ಟೈಟೇನಿಯಂ ಮಿಶ್ರಲೋಹದಲ್ಲಿ (ಶೇಕಡ 6 ಅಲ್ಯುಮಿನಿಯಂ, 4 ವೆನೇಡಿಯಂ) ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಮುದ್ರಿತ ಭಾಗದ ಎಳೆತಬಲ 900 ಮೆಗಾಪ್ಯಾಸ್ಕಲ್ ದಾಟುತ್ತದೆ. ಈ ಲೆಕ್ಕದಲ್ಲಿ ಅದು ಸಾಂಪ್ರದಾಯಿಕ ಲೋಹಕ್ಕೆ ಸಮ. ಆದರೆ ಮೇಲ್ಮೈಯನ್ನು ಹಾಗೆಯೇ ಬಿಟ್ಟಲ್ಲಿ ಕೋಟಿ ಆವರ್ತ ತಡೆಯುವ ಪೀಡನ ಸಾಮಾನ್ಯವಾಗಿ 200ರಿಂದ 300 ಮೆಗಾಪ್ಯಾಸ್ಕಲ್ ಮಾತ್ರ. ಒಳರಂಧ್ರಗಳನ್ನು ಮುಚ್ಚಿ, ಮೈಯನ್ನು ತಿರುವಿ ನಯಗೊಳಿಸಿದ ನಂತರ ಅದೇ ಲೋಹ 500-600ರ ಮಟ್ಟಕ್ಕೆ ಏರುತ್ತದೆ. ಪುಡಿ, ಯಂತ್ರ, ವಿನ್ಯಾಸ ಯಾವುದೂ ಬದಲಾಗದೆ, ಮುದ್ರಣದ ನಂತರದ ಕೆಲಸದಿಂದಲೇ ಇಷ್ಟು ಏರಿಕೆ ಸಿಗುತ್ತದೆ ಎಂಬುದು ಗಮನಾರ್ಹ.

ಸಂಸ್ಕರಣೆಯ ವಿಧಾನಗಳು

ಮೊದಲನೆಯ ಕೆಲಸ ಶಾಖದ್ದು. ಭಾಗವನ್ನು ತಳದ ತಟ್ಟೆಯಿಂದ ಕತ್ತರಿಸುವ ಮೊದಲೇ ಕುಲುಮೆಯಲ್ಲಿಟ್ಟು ಉಳಿಕೆ ಪೀಡನವನ್ನು ಸಡಿಲಿಸಬೇಕು. ಸಿಲಿಕಾನ್ ಬೆರೆತ ಅಲ್ಯುಮಿನಿಯಂಗೆ ರೂಢಿಯಲ್ಲಿರುವುದು 300 ಡಿಗ್ರಿ ಸೆಲ್ಸಿಯಸ್, ಎರಡು ಗಂಟೆ. ಮೊದಲೇ ಕತ್ತರಿಸಿದರೆ ಭಾಗವು ಬಿಲ್ಲಿನಂತೆ ಬಾಗುವುದುಂಟು. ಮಹತ್ವದ ಭಾಗಗಳಿಗೆ ಇದರ ಮೇಲೆ ಹಿಪ್ ಎಂಬ ಪ್ರಕ್ರಿಯೆ ಇದೆ. ಆರ್ಗಾನ್ ಅನಿಲದಲ್ಲಿ, ಟೈಟೇನಿಯಂ ಆದರೆ 895ರಿಂದ 955 ಡಿಗ್ರಿ ಶಾಖದಲ್ಲಿ, ವಾಯುಭಾರದ ಸಾವಿರ ಪಟ್ಟು ಒತ್ತಡ ಹೇರಿ ಒಳರಂಧ್ರಗಳನ್ನು ಅದುಮಿ ಬೆಸೆಯಲಾಗುತ್ತದೆ. ಇದು ದೊಡ್ಡ ಬಂಡವಾಳದ ಕೆಲಸವಾದುದರಿಂದ ನಮ್ಮ ಪಾಲಿಗೆ ಹೊರಗೆ ಮಾಡಿಸುವಂಥದು. ಒಂದು ಮಿತಿ ಮಾತ್ರ ನೆನಪಿರಲಿ. ಹೊರಮೈಗೆ ಬಾಯಿ ತೆರೆದಿರುವ ರಂಧ್ರದೊಳಗೆ ಅನಿಲವೇ ತುಂಬಿಕೊಳ್ಳುವುದರಿಂದ ಅದು ಹಿಪ್‌ನಿಂದ ಮುಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಹಿಪ್ ಮೊದಲು, ಟರ್ನಿಂಗ್ ನಂತರ; ಮೊದಲೇ ತಿರುವಿದರೆ ಮುಚ್ಚಬಹುದಾಗಿದ್ದ ರಂಧ್ರವನ್ನು ನಾವೇ ತೆರೆದಂತಾಗುತ್ತದೆ.

ಟರ್ನಿಂಗ್, ಮಿಲ್ಲಿಂಗ್ ಹಾಗೂ ಗ್ರೈಂಡಿಂಗ್ ಎಲ್ಲಕ್ಕಿಂತ ನಂಬಿಕೆಯ ಮಾರ್ಗ. ಒರಟು ಮೈಯನ್ನೂ ಅದರ ಕೆಳಗಿನ ದೋಷದ ಪದರವನ್ನೂ ಅವು ಒಟ್ಟಿಗೆ ತೆಗೆಯುತ್ತವೆ. ಇದಕ್ಕಾಗಿ ಮುದ್ರಣದ ಹಂತದಲ್ಲೇ ಅರ್ಧದಿಂದ ಒಂದು ಮಿಲಿಮೀಟರ್ ಹೆಚ್ಚುವರಿ ಲೋಹ ಬಿಟ್ಟಿರಬೇಕು. ಬಿಟ್ಟಿಲ್ಲದ ಭಾಗ ಕೈಗೆ ಬಂದ ಮೇಲೆ ಯಾವ ನಿಪುಣ ಟರ್ನರನೂ ಏನೂ ಮಾಡಲಾರ.

ಯಂತ್ರದ ಹತ್ಯಾರು ತಲುಪದ ಆಕಾರಗಳಿಗೆ ಬೇರೆ ದಾರಿ ಬೇಕು. ವೈಬ್ರೊ ತೊಟ್ಟಿಯಲ್ಲಿ ಸೆರಾಮಿಕ್ ಕಲ್ಲುಗಳೊಡನೆ ಗಂಟೆಗಟ್ಟಲೆ ಉರುಳಿಸಿದರೆ ಮೈ ಹೊಳೆಯುತ್ತದೆ. ಆದರೆ ಇದರಲ್ಲಿ ಮೋಸ ಹೋಗುವುದು ಸುಲಭ. ಕಲ್ಲು ಸವೆಸುವುದು ಶಿಖರಗಳನ್ನು. ಬಿರುಕು ಹುಟ್ಟುವುದು ಕಣಿವೆಗಳಲ್ಲಿ. ಶಿಖರ ಇಳಿದಾಗ ಆರ್‌ಎ ಸರಾಸರಿ ಇಳಿಯುತ್ತದೆ, ಗ್ರಾಹಕ ಒಪ್ಪುತ್ತಾನೆ, ಕಣಿವೆಯ ಬುಡ ಮಾತ್ರ ಇದ್ದಂತೆಯೇ ಇರುತ್ತದೆ. ದಣಿವಿನ ಲೆಕ್ಕಕ್ಕೆ ಸರಾಸರಿಗಿಂತ ಅತಿ ಆಳದ ಕಣಿವೆಯ ಅಳತೆಯೇ ಹೆಚ್ಚು ಉಪಯುಕ್ತ. ನಮ್ಮ ಲಿವರಿನಲ್ಲಿ ಆದುದೂ ಇದಕ್ಕೆ ಹತ್ತಿರದ್ದೇ: ಹರಿತವಾದ ಒಳಮೂಲೆಯಲ್ಲಿ, ಮುದ್ರಣದ ಕೆಳಮೈಯಾಗಿದ್ದ ಬದಿಯಲ್ಲಿ ಬಿರುಕು ಹುಟ್ಟಿತ್ತು. ಸ್ಯಾಂಡ್ ಬ್ಲಾಸ್ಟಿಂಗ್ ಆ ಮೂಲೆಗೆ ಏಕರೂಪದ ಬೂದುಬಣ್ಣ ಕೊಟ್ಟಿತ್ತೇ ಹೊರತು ಬೇರೇನನ್ನೂ ಮಾಡಿರಲಿಲ್ಲ.

ರಾಸಾಯನಿಕ ಕೊರೆತ ಮತ್ತು ಎಲೆಕ್ಟ್ರೊ ಪಾಲಿಷಿಂಗ್ ಅಂಟಿದ ಕಣಗಳನ್ನು ಕರಗಿಸಿ ಕಣಿವೆಯ ಬುಡವನ್ನು ಗುಂಡಗಾಗಿಸುತ್ತವೆ. ಜಾಲರಿಯಂಥ ಆಕಾರಗಳಿಗೆ ಬೇರೆ ಉಪಾಯವೇ ಕಡಿಮೆ. ಟೈಟೇನಿಯಂಗೆ ಬಳಸುವ ದ್ರಾವಣದಲ್ಲಿ ಹೈಡ್ರೊಫ್ಲೋರಿಕ್ ಆಮ್ಲವಿರುತ್ತದೆ. ಜಲಜನಕವು ಲೋಹದೊಳಕ್ಕೆ ಇಳಿದು ಅದನ್ನು ಪೆಡಸಾಗಿಸದಂತೆ ನೈಟ್ರಿಕ್ ಆಮ್ಲದ ಪ್ರಮಾಣವನ್ನು ಹೆಚ್ಚಾಗಿಡುವುದು ರೂಢಿ. ಈ ಲೇಖಕನ ಅಭಿಪ್ರಾಯದಲ್ಲಿ ಸಣ್ಣ ಪ್ಲೇಟಿಂಗ್ ಘಟಕಗಳು ಈ ಕೆಲಸವನ್ನು ಲಾಭದ ಆಸೆಗೆ ಕೈಗೆತ್ತಿಕೊಳ್ಳಬಾರದು. ಅಂಗೈಯಗಲ ಚರ್ಮಕ್ಕೆ ತಗುಲಿದ ಹೈಡ್ರೊಫ್ಲೋರಿಕ್ ಆಮ್ಲ ಪ್ರಾಣಕ್ಕೇ ಎರವಾಗಬಲ್ಲದು. ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಕೈಗೆಟಕುವಂತಿರಬೇಕು, ತರಬೇತಾದ ಕೆಲಸಗಾರರಿರಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ತ್ಯಾಜ್ಯ ನೀರಿನ ವ್ಯವಸ್ಥೆಯೂ ಇರಬೇಕು. ಇವಿಲ್ಲದಿದ್ದರೆ ಬೇಡವೆನ್ನುವುದೇ ಸರಿ.

ಪ್ಲಾಸ್ಟಿಕ್ ಅಚ್ಚುಗಳನ್ನು ಮಾಡುವವರಿಗೆ ಇನ್ನೊಂದು ಮಾತು. ಅಚ್ಚಿನ ಆಕಾರವನ್ನೇ ಅನುಸರಿಸುವ ತಂಪುನೀರಿನ ನಾಳಗಳುಳ್ಳ ಮುದ್ರಿತ ಇನ್ಸರ್ಟುಗಳು ಈಗ ಬಳಕೆಗೆ ಬಂದಿವೆ. ಹೊರಮೈಯನ್ನು ಕನ್ನಡಿಯಂತೆ ಪಾಲಿಷ್ ಮಾಡಿದರೂ ನಾಳದ ಒಳಮೈ ಒರಟಾಗಿಯೇ ಉಳಿಯುತ್ತದೆ. ಬಿಸಿ-ತಂಪಿನ ಆವರ್ತದಲ್ಲಿ ಬಿರುಕು ಅಲ್ಲಿಂದಲೂ ಹೊರಡಬಹುದು. ಹಿಟ್ಟಿನಂಥ ಮಾಧ್ಯಮದಲ್ಲಿ ಸಾಣೆಪುಡಿ ಬೆರೆಸಿ ನಾಳದ ಮೂಲಕ ಹಿಂದಕ್ಕೂ ಮುಂದಕ್ಕೂ ತಳ್ಳುವ ಅಬ್ರೇಸಿವ್ ಫ್ಲೋ ವಿಧಾನ ಇದಕ್ಕೆ ಹೊಂದುತ್ತದೆ.

ಶಾಟ್ ಪೀನಿಂಗ್: ಸಣ್ಣ ಘಟಕಗಳಿಗೆ ಹತ್ತಿರದ ಅವಕಾಶ

ಮೇಲಿನವು ಮೈಯನ್ನು ನಯಗೊಳಿಸುವ ವಿಧಾನಗಳಾದರೆ, ಪೀನಿಂಗ್ ಮೈಯನ್ನು ಬಲಗೊಳಿಸುವ ವಿಧಾನ. ಉಕ್ಕಿನ, ಗಾಜಿನ ಅಥವಾ ಸೆರಾಮಿಕ್ ಗುಂಡುಗಳನ್ನು ವೇಗವಾಗಿ ಬಡಿದಾಗ ಪ್ರತಿ ಗುಂಡೂ ಒಂದು ಪುಟ್ಟ ಸುತ್ತಿಗೆಯ ಏಟಿನಂತೆ ಮೇಲ್ಪದರವನ್ನು ಹಿಗ್ಗಿಸಲು ಯತ್ನಿಸುತ್ತದೆ. ಕೆಳಗಿನ ಲೋಹ ಅದನ್ನು ಹಿಡಿದಿಡುತ್ತದೆ. ಪರಿಣಾಮವಾಗಿ ಮಿಲಿಮೀಟರಿನ ಒಂದರಿಂದ ಮೂರು ದಶಾಂಶದ ಆಳದವರೆಗೆ ಅದುಮುವ ಪೀಡನ ನೆಲೆಸುತ್ತದೆ. ಬಿರುಕು ಬೆಳೆಯಲು ಬಾಯಿ ತೆರೆಯಬೇಕು; ಅದುಮಿಟ್ಟ ಪದರದಲ್ಲಿ ಅದು ಸುಲಭವಲ್ಲ. ಲೇಸರ್ ಪೀನಿಂಗ್ ಒಂದು ಮಿಲಿಮೀಟರಿನಷ್ಟು ಅಥವಾ ಇನ್ನೂ ಆಳಕ್ಕೆ ಇಳಿಯುತ್ತದಾದರೂ ಅದರ ವೆಚ್ಚ ಸಣ್ಣ ಉದ್ದಿಮೆಯ ಅಳವಿನಲ್ಲಿಲ್ಲ. ಉರುಟಾದ ಶಾಫ್ಟುಗಳಿಗಾದರೆ ಲೇಥಿಗೆ ರೋಲರ್ ಬರ್ನಿಷಿಂಗ್ ಹತ್ಯಾರು ಕಟ್ಟಿ ಇದೇ ಬಗೆಯ ಫಲ ಪಡೆಯಬಹುದು. ಬಂಡವಾಳ ಅತಿ ಕಡಿಮೆ. ಈ ವಿಧಾನಕ್ಕೆ ನಮ್ಮಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಸ್ಯಾಂಡ್ ಬ್ಲಾಸ್ಟಿಂಗ್ ಯಂತ್ರವಿದ್ದವರೆಲ್ಲ ಪೀನಿಂಗ್ ಮಾಡಬಹುದೆಂಬ ಭಾವನೆ ತಪ್ಪು. ಮೊನಚು ಮರಳು ಮೈಯನ್ನು ಕೊರೆಯುತ್ತದೆ. ಗುಂಡು ಮೈಯನ್ನು ತಟ್ಟುತ್ತದೆ. ಒಡೆದ ಗುಂಡುಗಳನ್ನು ಜರಡಿಯಾಡಿ ತೆಗೆಯದಿದ್ದರೆ ಪೀನಿಂಗ್ ಕೂಡ ಕೊರೆತವೇ ಆಗುತ್ತದೆ. ಏಟಿನ ತೀವ್ರತೆಯನ್ನು ಕಣ್ಣಂದಾಜಿನಿಂದ ಹೇಳಲಾಗದು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಆಲ್ಮೆನ್ ರೂಪಿಸಿದ, 76 ಮಿಲಿಮೀಟರ್ ಉದ್ದ, 19 ಮಿಲಿಮೀಟರ್ ಅಗಲದ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನು ಭಾಗದ ಜಾಗದಲ್ಲಿಟ್ಟು ಒಂದೇ ಬದಿಗೆ ಬಡಿದಾಗ ಅದು ಬಿಲ್ಲಿನಂತೆ ಬಾಗುತ್ತದೆ; ಆ ಬಾಗನ್ನು ಗೇಜಿನಲ್ಲಿ ಅಳೆಯುತ್ತಾರೆ. ಬಡಿಯುವ ಸಮಯ ಇಮ್ಮಡಿಸಿದಾಗ ಬಾಗು ಶೇಕಡ 10ಕ್ಕಿಂತ ಹೆಚ್ಚದಿದ್ದರೆ ತೀವ್ರತೆ ನೆಲೆಗೆ ನಿಂತಿತೆಂದು ಅರ್ಥ. ಪಟ್ಟಿ, ಗೇಜು ಮತ್ತು ದಿನವಹಿ ದಾಖಲೆ, ಈ ಮೂರೂ ಇರುವ ಘಟಕದ ಕೆಲಸಕ್ಕೂ ಇಲ್ಲದಿರುವುದರ ಕೆಲಸಕ್ಕೂ ದರದಲ್ಲಿ ವ್ಯತ್ಯಾಸವಿರುವುದು ನ್ಯಾಯವೇ. ಟೈಟೇನಿಯಂಗೆ ಉಕ್ಕಿನ ಗುಂಡು ಬಳಸಿದಲ್ಲಿ ಅಂಟಿದ ಕಬ್ಬಿಣವನ್ನು ನಂತರ ತೊಳೆಯಬೇಕಾಗುತ್ತದೆ; ಗಾಜು ಅಥವಾ ಸೆರಾಮಿಕ್ ಮೇಲು. ತೀರ ಒರಟಾದ ಮೈಗೆ ನೇರವಾಗಿ ಪೀನಿಂಗ್ ಮಾಡಿದರೆ ಶಿಖರಗಳು ಮಡಚಿ ಕಣಿವೆಯ ಬಾಯಿ ಮುಚ್ಚಿ, ದೋಷ ಒಳಗೇ ಅಡಗುವುದೂ ಉಂಟು. ಮೊದಲು ನಯಗೊಳಿಸಿ, ಆಮೇಲೆ ಪೀನಿಂಗ್ ಮಾಡುವುದೇ ಕ್ರಮ.

ಪೀನಿಂಗ್ ಆದ ಮೇಲೆ ಭಾಗಕ್ಕೆ ಶಾಖ ತಗುಲಬಾರದು. ಅಲ್ಯುಮಿನಿಯಂನಲ್ಲಿ 100 ಡಿಗ್ರಿಯ ಆಸುಪಾಸಿನಲ್ಲೇ ಅದುಮು ಪೀಡನ ಸಡಿಲಗೊಳ್ಳಲು ತೊಡಗುತ್ತದೆ. ಪೌಡರ್ ಕೋಟಿಂಗ್ ಒಲೆಯ ಶಾಖವಾದರೋ 180ರಿಂದ 200 ಡಿಗ್ರಿ. ಅಕ್ಕೂರಿನ ಲಿವರನ್ನು ಎರಡನೆಯ ಬಾರಿ ಮುದ್ರಿಸಿದಾಗ ಒಳಮೂಲೆಗೆ ಸಾಕಷ್ಟು ಗುಂಡುತನ ಕೊಟ್ಟು, ಶಾಖೋಪಚಾರ ಮಾಡಿಸಿ, ಮೈಯನ್ನು ಮಿಲ್ಲಿಂಗಿನಲ್ಲಿ ತೆಗೆದು, ಮೂಲೆಯನ್ನು ಕೈಯಿಂದ ತಿಕ್ಕಿ, ಗಾಜಿನ ಗುಂಡಿನ ಪೀನಿಂಗ್ ಮಾಡಿಸಲಾಗಿತ್ತು. ಯಂತ್ರದ ಹಸಿರು ಬಣ್ಣಕ್ಕೆ ಹೊಂದಲೆಂದು ಮಾಲೀಕರು ಅದನ್ನು ಪೌಡರ್ ಕೋಟಿಂಗಿಗೆ ಕಳುಹಿಸಲು ಕಟ್ಟಿಟ್ಟಿದ್ದರು. ಕಂಡದ್ದರಿಂದ ತಡೆಯಲಾಯಿತು, ಗಾಳಿಯಲ್ಲಿ ಒಣಗುವ ಎನಾಮೆಲ್ ಬಳಿದು ಜೋಡಿಸಿದೆವು. ಆನೋಡೈಸಿಂಗ್ ಕೂಡ ಅಲ್ಯುಮಿನಿಯಂನ ದಣಿವು ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು.

ಚನ್ನಪಟ್ಟಣದ ಬೊಂಬೆ ಕುಶಲಕರ್ಮಿ ಹಾಲೆ ಮರವನ್ನು ಒಣಗಿಸದೆ ತಿರುವುವುದಿಲ್ಲ, ಅರಗಿನ ಬಣ್ಣ ಹಿಡಿದ ಮೇಲೆ ಮತ್ತೆ ಉಳಿ ತಾಗಿಸುವುದಿಲ್ಲ. ಕ್ರಮ ತಪ್ಪಿದರೆ ಹಿಂದಿನ ಕೆಲಸ ವ್ಯರ್ಥವೆಂಬುದು ಅವನಿಗೆ ಗೊತ್ತು. ಲೋಹದಲ್ಲಿ ಈ ಕ್ರಮ ತಪ್ಪುವುದು ಹೆಚ್ಚಾಗಿ ಅಜ್ಞಾನದಿಂದಲ್ಲ. ಒಂದೊಂದು ಹಂತ ಒಂದೊಂದು ಷೆಡ್ಡಿನಲ್ಲಿ ನಡೆಯುವುದರಿಂದ, ಒಬ್ಬರಿಗೆ ಇನ್ನೊಬ್ಬರು ಮಾಡಿದ್ದು ತಿಳಿಯದಿರುವುದರಿಂದ.

ಆರ್ಡರಿನಲ್ಲಿ ಬರೆಯಬೇಕಾದುದು

ಆದುದರಿಂದ ಪರ್ಚೇಸ್ ಆರ್ಡರಿನಲ್ಲಿ ಸಂಸ್ಕರಣೆಯ ಕ್ರಮವನ್ನೇ ಬರೆಯಿಸಿಕೊಳ್ಳತಕ್ಕದ್ದು. ಮುದ್ರಣದ ದಿಕ್ಕು ಯಾವುದು, ಯಾವ ಮೈ ಕೆಳಗಿತ್ತು, ಶಾಖೋಪಚಾರ ಆಗಿದೆಯೇ, ಹೆಚ್ಚುವರಿ ಲೋಹ ಎಷ್ಟು ಬಿಟ್ಟಿದೆ, ಪೀನಿಂಗ್‌ನ ತೀವ್ರತೆ ಎಷ್ಟು, ಅದರ ನಂತರ ಶಾಖದ ಯಾವ ಕೆಲಸವೂ ಇಲ್ಲವೆಂಬ ಖಚಿತ ಮಾತು, ಇಷ್ಟು ಕಾಗದದ ಮೇಲೆ ಇಲ್ಲದಿದ್ದರೆ ಭಾಗ ಮುರಿದಾಗ ಹೊಣೆ ಬೀಳುವುದು ಕೊನೆಯಲ್ಲಿ ಕೈ ಮುಟ್ಟಿಸಿದವನ ಮೇಲೆ. ಆ ಕೊನೆಯವರು ಬಹುತೇಕ ನಾವೇ. ಡ್ರಾಯಿಂಗಿನಲ್ಲಿ ಬರೀ ಆರ್‌ಎ ಅಂಕಿ ಕೊಟ್ಟು ಆವರ್ತಗಳ ಸಂಖ್ಯೆ ಕೊಡದ ಗ್ರಾಹಕರನ್ನು, ಈ ಭಾಗ ನಿಮಿಷಕ್ಕೆ ಎಷ್ಟು ಬಾರಿ ಆಡುತ್ತದೆ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಪರೀಕ್ಷೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಒರಟು ಮೈಯಲ್ಲಿ ಡೈ ಪೆನೆಟ್ರೆಂಟ್ ಪರೀಕ್ಷೆ ಎಲ್ಲೆಡೆ ಬಣ್ಣ ತೋರಿಸಿ ದಿಕ್ಕುತಪ್ಪಿಸುತ್ತದೆ; ನಯಗೊಳಿಸಿದ ನಂತರವೇ ಅದಕ್ಕೆ ಅರ್ಥ. ಇನ್ನು ದಣಿವಿನ ಫಲಿತಾಂಶಗಳು ಒಂದೇ ಬಗೆಯ ತುಂಡುಗಳಲ್ಲೂ ಬಹಳ ಹೆಚ್ಚುಕಡಿಮೆಯಾಗುವುದರಿಂದ ಒಂದು ತುಂಡಿನ ಪರೀಕ್ಷೆಯನ್ನು ನಂಬಲಾಗದು. ಭಾಗದ ಜೊತೆಗೇ, ಅದೇ ತಟ್ಟೆಯಲ್ಲಿ, ಅದೇ ದಿಕ್ಕಿನಲ್ಲಿ ಕೆಲವು ಸಾಕ್ಷಿತುಂಡುಗಳನ್ನು ಮುದ್ರಿಸಿ, ಭಾಗಕ್ಕೆ ಮಾಡಿದ ಎಲ್ಲ ಸಂಸ್ಕಾರಗಳನ್ನೂ ಅವಕ್ಕೆ ಮಾಡಿ ಪರೀಕ್ಷೆಗೆ ಕಳುಹಿಸುವುದು ಸರಿಯಾದ ಪದ್ಧತಿ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ, 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಹಾಗೂ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯಗಳು ಈ ಕ್ಷೇತ್ರದಲ್ಲಿ ಅನುಭವವುಳ್ಳ ಸಾರ್ವಜನಿಕ ಸಂಸ್ಥೆಗಳು. ತಿರುಗುವ ದಂಡದ ಸರಳ ದಣಿವು ಪರೀಕ್ಷಾ ಯಂತ್ರ ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಇದ್ದು, ವರ್ಷದ ಬಹುಭಾಗ ಕೆಲಸವಿಲ್ಲದೆ ನಿಂತಿರುತ್ತದೆ.

ಸಾಕ್ಷಿತುಂಡುಗಳ ಖರ್ಚನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಪ್ರತಿ ಬಾರಿಯೂ ಬರುತ್ತದೆ. ಮುದ್ರಣಕ್ಕೆ ಮುಂಚೆ ಕೇಳಿದರೆ ತಟ್ಟೆಯ ಖಾಲಿ ಮೂಲೆಯಲ್ಲಿ ಅವನ್ನು ಸೇರಿಸಬಹುದು, ಖರ್ಚು ಅಲ್ಪ. ಮುದ್ರಣ ಮುಗಿದ ನಂತರ ಕೇಳಿದರೆ ಯಂತ್ರವನ್ನು ಹೊಸದಾಗಿ ಓಡಿಸಬೇಕು, ಆಗ ಅದು ಭಾಗದ ಬೆಲೆಗೇ ಸಮನಾಗಬಹುದು. ಕೊಟೇಷನ್ ಕೊಡುವ ದಿನವೇ ಈ ಮಾತನ್ನು ಎತ್ತುವುದು ಲೇಸು.